ತೆರೆಯ ಮೇಲಿನ ಸಾವು, ಮನೆಯೊಳಗಿನ ಹದಿಹರೆಯ

ರಾತ್ರಿ ಹತ್ತು ಗಂಟೆ ದಾಟಿದೆ. ಅಫಜಲಪುರ ತಾಲ್ಲೂಕಿನ ಹವಳಗಾದಂಥ ಒಂದು ಊರು ಎಂದುಕೊಳ್ಳಿ. ಕಬ್ಬಿನ ಗದ್ದೆಯಿಂದ ದಣಿದು ಬಂದ ತಂದೆಗೆ ನಿದ್ದೆ ಹತ್ತಿದೆ. ಬೆಳಗಿನ ರೊಟ್ಟಿಗೆ ಜೋಳದ ಹಿಟ್ಟು ಇದೆಯೋ ಇಲ್ಲವೋ ನೋಡಿಕೊಂಡು ತಾಯಿಯೂ ದೀಪ ಆರಿಸಿದ್ದಾರೆ. ಕೌದಿಯೊಳಗೆ ಮಾತ್ರ ಒಂದು ಸಣ್ಣ ಬೆಳಕು. ಹತ್ತನೆಯ ತರಗತಿಯ ಮಗನೋ ಪಿಯುಸಿ ಓದುವ ಮಗಳೋ ಮೊಬೈಲ್ ನೋಡುತ್ತಿದ್ದಾರೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿರುವುದರಿಂದ ಸದ್ದು ಹೊರಗೆ ಬರುವುದಿಲ್ಲ. ಏನು ನೋಡುತ್ತಿದ್ದಾರೆ ಎಂದು ನೀವು ಯಾವತ್ತಾದರೂ ಕೇಳಿದ್ದೀರಾ?

ಬಯ್ಯುವುದಕ್ಕಾಗಿ ಕೇಳುವ ಪ್ರಶ್ನೆಯಲ್ಲ ಇದು. ತೆರೆಯ ಮೇಲೆ ಹದಿಹರೆಯದ ಆತ್ಮಹತ್ಯೆಯನ್ನು ತೋರಿಸಬೇಕೇ, ತೋರಿಸಿದರೆ ಹೇಗೆ ತೋರಿಸಬೇಕು ಎಂಬುದರ ಬಗ್ಗೆ ಜಗತ್ತಿನ ವೈದ್ಯರು, ಶಿಕ್ಷಕರು, ತಂದೆತಾಯಿಗಳು ವರ್ಷಗಟ್ಟಲೆ ಜಗಳವಾಡಿದ್ದಾರೆ. ಆ ಜಗಳದಿಂದ ನಮ್ಮ ಮನೆಗಳಿಗೆ ಬೇಕಾದ ಕೆಲವು ಸಂಗತಿಗಳು ಹೊರಬಂದಿವೆ.

ಜಗಳಕ್ಕೆ ಕಾರಣವಾದದ್ದು ಅಮೆರಿಕದ ಒಂದು ಧಾರಾವಾಹಿ. ಹೆಸರು ‘ಥರ್ಟೀನ್ ರೀಸನ್ಸ್ ವೈ’, ಅಂದರೆ ಹದಿಮೂರು ಕಾರಣಗಳು. ಜೇ ಆಷರ್ ಎಂಬ ಲೇಖಕರು 2007ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿ ತಯಾರಾದ ಇದರ ಮೊದಲ 13 ಕಂತುಗಳು 2017ರ ಮಾರ್ಚ್ 31ರಂದು ನೆಟ್‌ಫ್ಲಿಕ್ಸ್‌ನಲ್ಲಿ ಒಟ್ಟಿಗೇ ಬಿಡುಗಡೆಯಾದವು. ಕಥೆಯ ನಾಯಕಿ ಹನ್ನಾ ಬೇಕರ್ ಎಂಬ ಪ್ರೌಢಶಾಲೆಯ ಹುಡುಗಿ. ಕಥೆ ಆರಂಭವಾಗುವ ಹೊತ್ತಿಗೆ ಅವಳು ಸತ್ತಿರುತ್ತಾಳೆ. ಸಾಯುವ ಮೊದಲು ಕ್ಯಾಸೆಟ್ಟುಗಳಲ್ಲಿ ತನ್ನ ಮಾತನ್ನು ಮುದ್ರಿಸಿಟ್ಟಿರುತ್ತಾಳೆ. ಯಾರು ಯಾರು ತನಗೆ ಏನೇನು ಮಾಡಿದರು, ತನ್ನ ಸಾವಿಗೆ ಯಾರ ಪಾಲು ಎಷ್ಟು ಎಂಬುದು ಅದರಲ್ಲಿ. ಒಬ್ಬರಾದ ಮೇಲೆ ಒಬ್ಬರು ಅದನ್ನು ಕೇಳಬೇಕು, ಕೇಳಿ ನರಳಬೇಕು.

‘ಅಮೆರಿಕದ ಇಂಗ್ಲಿಷ್ ಧಾರಾವಾಹಿಗೂ ನಮ್ಮ ಹುಡುಗರಿಗೂ ಏನು ಸಂಬಂಧ?’ ಎಂದು ನೀವು ಕೇಳಬಹುದು. ಹಿಂದೆ ಈ ಪ್ರಶ್ನೆಗೆ ಅರ್ಥವಿತ್ತು. ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂದದ್ದು 2016ರ ಜನವರಿಯಲ್ಲಿ. ಜಿಯೋ ಸೇವೆ ಶುರುವಾದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಆಮೇಲೆ ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲೂ ಅಂತರಜಾಲ ಅಗ್ಗವಾಯಿತು. ಮೂಲ ಧಾರಾವಾಹಿಗೆ ಚಂದಾ ಕೊಡದವರಿಗೂ ಅದರ ತುಣುಕುಗಳು, ಅದೇ ಬಗೆಯ ಬೇರೆ ಕಥೆಗಳು, ದುಃಖದ ಸಂಗೀತ ಹಾಕಿದ ಅರ್ಧ ನಿಮಿಷದ ವಿಡಿಯೊಗಳು ಕೈಗೆ ಸಿಗುತ್ತವೆ. ಒಂದನ್ನು ಪೂರ್ತಿ ನೋಡಿದರೆ ಅಂಥವೇ ಹತ್ತು ತಾವಾಗಿಯೇ ಬರುತ್ತವೆ.

ತಜ್ಞರ ಆಕ್ಷೇಪ ಏನಾಗಿತ್ತು?

ಆತ್ಮಹತ್ಯೆಯ ಮಾತೇ ಎತ್ತಬಾರದಿತ್ತು ಎಂದು ಮನೋವೈದ್ಯರು ಹೇಳಲಿಲ್ಲ. ಈ ಅಂಶ ಮುಖ್ಯ. ಅವರ ತಕರಾರು ಇದ್ದದ್ದು ಹೇಳಿದ ರೀತಿಯ ಮೇಲೆ.

ಮೊದಲನೆಯದಾಗಿ, ಸಾವನ್ನು ಅಲ್ಲಿ ಸೇಡಿನ ಉಪಾಯವಾಗಿ ಹೆಣೆಯಲಾಗಿತ್ತು. ಸತ್ತ ಹುಡುಗಿ ಕಥೆಯ ಉದ್ದಕ್ಕೂ ಮಾತನಾಡುತ್ತಾಳೆ. ತನ್ನನ್ನು ನೋಯಿಸಿದವರು ಅಳುವುದನ್ನು, ಹೆದರುವುದನ್ನು ಪ್ರೇಕ್ಷಕ ಅವಳ ಪರವಾಗಿ ನೋಡುತ್ತಾನೆ. ಬದುಕಿದ್ದಾಗ ಯಾರೂ ಕೇಳದ ಮಾತನ್ನು ಸತ್ತ ಮೇಲೆ ಎಲ್ಲರೂ ಕೇಳುತ್ತಾರೆ! ಹದಿನೈದು ವರ್ಷದ ಮನಸ್ಸಿಗೆ ಇದಕ್ಕಿಂತ ಅಪಾಯದ ಆಮಿಷ ಬೇಕೇ? ‘ನಾನು ಹೋದ ಮೇಲೆ ಗೊತ್ತಾಗುತ್ತದೆ ಇವರಿಗೆ’ ಎಂದು ಸಿಟ್ಟಿನಲ್ಲಿ ಒಮ್ಮೆಯಾದರೂ ಅಂದುಕೊಳ್ಳದ ಮಕ್ಕಳು ಕಡಿಮೆ. ಆದರೆ ಸತ್ತವರಿಗೆ ಏನೂ ಗೊತ್ತಾಗುವುದಿಲ್ಲ, ಕೇಳುವುದಿಲ್ಲ, ಕಾಣುವುದಿಲ್ಲ ಎಂಬ ಸರಳ ಸತ್ಯವನ್ನು ಕಥೆ ಮರೆಸಿಬಿಟ್ಟಿತ್ತು.

ಎರಡನೆಯದು ಇನ್ನೂ ಗಂಭೀರ. ಹನ್ನಾ ಕೊನೆಗೆ ಶಾಲೆಯ ಆಪ್ತಸಮಾಲೋಚಕರ ಬಳಿ ಹೋಗುತ್ತಾಳೆ. ಅವರಿಂದ ಪ್ರಯೋಜನವಾಗುವುದಿಲ್ಲ. ಸಹಾಯ ಕೇಳಿದರೂ ಸಿಗುವುದಿಲ್ಲ ಎಂಬ ಭಾವನೆ ನೋಡುವವರಲ್ಲಿ ಉಳಿಯುತ್ತದೆ. ಖಿನ್ನತೆ ಎಂಬುದೊಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ ಎಂಬ ವಿಚಾರ ಕಥೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಇದರ ಮೇಲೆ, ಕೊನೆಯ ಕಂತಿನಲ್ಲಿ ಅವಳ ಸಾವನ್ನು ಮರೆಮಾಚದೆ, ಸುಮಾರು ಮೂರು ನಿಮಿಷ ತೋರಿಸಲಾಗಿತ್ತು. ಆ ವಿವರ ಇಲ್ಲಿ ಬೇಡ.

ಅಮೆರಿಕದ ಶಾಲಾ ಮನಶ್ಶಾಸ್ತ್ರಜ್ಞರ ಸಂಘ ಮನಸ್ಸು ದುರ್ಬಲವಾಗಿರುವ ಮಕ್ಕಳು ಇದನ್ನು ನೋಡದಿರುವುದೇ ಲೇಸು ಎಂದಿತು. ನ್ಯೂಜಿಲೆಂಡಿನ ಪರಿಶೀಲನಾ ಕಚೇರಿ 2017ರ ಏಪ್ರಿಲ್‌ನಲ್ಲಿ ಒಂದು ಹೊಸ ದರ್ಜೆಯನ್ನೇ ಸೃಷ್ಟಿಸಿತು: 18 ವರ್ಷದೊಳಗಿನವರು ತಂದೆತಾಯಿ ಅಥವಾ ಪೋಷಕರ ಜೊತೆಯಲ್ಲಿ ಮಾತ್ರ ನೋಡಬೇಕು. ನಿರ್ಮಾಪಕರು ಮೊದಲು ತಮ್ಮನ್ನು ಸಮರ್ಥಿಸಿಕೊಂಡರು. ಆತ್ಮಹತ್ಯೆ ಎಷ್ಟು ಭಯಂಕರ ಎಂಬುದು ಮಕ್ಕಳಿಗೆ ತಿಳಿಯಲಿ ಎಂದೇ ಹಾಗೆ ತೋರಿಸಿದೆವು ಎಂಬುದು ಅವರ ವಾದ. ಆಮೇಲೆ ಎಚ್ಚರಿಕೆಯ ಸೂಚನೆಗಳನ್ನು ಹೆಚ್ಚಿಸಿದರು. ಕೊನೆಗೆ 2019ರ ಜುಲೈನಲ್ಲಿ ಆ ದೃಶ್ಯವನ್ನೇ ಕತ್ತರಿಸಿದರು. ಬಿಡುಗಡೆಯಾಗಿ ಎರಡು ವರ್ಷ ಮೂರು ತಿಂಗಳು ಕಳೆದಿತ್ತು. ನೋಡಬೇಕಾದವರೆಲ್ಲ ನೋಡಿಯಾಗಿತ್ತು.

ಅಂಕಿಅಂಶಗಳ ಜಟಾಪಟಿ

ನಿಜಕ್ಕೂ ಹಾನಿಯಾಯಿತೇ? 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಧಾರಾವಾಹಿ ಬಂದ ಮರುತಿಂಗಳು, 2017ರ ಏಪ್ರಿಲ್‌ನಲ್ಲಿ, ಅಮೆರಿಕದ 10ರಿಂದ 17 ವರ್ಷದವರಲ್ಲಿ ಆತ್ಮಹತ್ಯೆಯ ಪ್ರಮಾಣ ನಿರೀಕ್ಷೆಗಿಂತ ಶೇ. 28.9ರಷ್ಟು ಹೆಚ್ಚಿತ್ತು. ಇನ್ನೊಂದು ತಂಡ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ 10ರಿಂದ 19 ವರ್ಷದವರನ್ನು ಲೆಕ್ಕ ಹಾಕಿ ಶೇ. 13.3ರ ಏರಿಕೆ ಕಂಡಿತು.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಓದುಗರಿಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಮೊದಲ ಅಧ್ಯಯನದಲ್ಲಿ ಏರಿಕೆ ಸ್ಪಷ್ಟವಾಗಿ ಕಂಡದ್ದು ಹುಡುಗರಲ್ಲಿ. ಕಥೆಯಲ್ಲಿ ಸಾಯುವವಳೋ ಹುಡುಗಿ. 2020ರಲ್ಲಿ ಮತ್ತೊಬ್ಬ ಸಂಶೋಧಕರು ಅದೇ ಅಂಕಿಗಳನ್ನು ಮರಳಿ ಲೆಕ್ಕ ಮಾಡಿ, ಆ ವರ್ಷಗಳಲ್ಲಿ ಹೇಗೂ ಏರುತ್ತಲೇ ಇದ್ದ ಪ್ರಮಾಣವನ್ನು ಕಳೆದರೆ ಧಾರಾವಾಹಿಯನ್ನು ದೂರಲು ಆಧಾರ ಸಾಲದು ಎಂದರು. ಅಮೆರಿಕದ ಒಂದು ವಿಶ್ವವಿದ್ಯಾಲಯ ನಡೆಸಿದ ಸಮೀಕ್ಷೆಯಲ್ಲಿ, ನೋಡಿದ ಮೇಲೆ ತಂದೆತಾಯಿಯರ ಜೊತೆ ಈ ವಿಷಯ ಮಾತನಾಡಿದೆವು ಎಂದು ಹೇಳಿದ ಮಕ್ಕಳೂ ಬಹಳ ಇದ್ದರು. ಆ ಸಮೀಕ್ಷೆಗೆ ಹಣ ಕೊಟ್ಟದ್ದು ನೆಟ್‌ಫ್ಲಿಕ್ಸ್ ಕಂಪನಿಯೇ ಎಂಬುದನ್ನೂ ಜೊತೆಗೆ ಹೇಳಬೇಕಾಗುತ್ತದೆ.

ಹಾಗಾದರೆ ನಾವು ಯಾರನ್ನು ನಂಬಬೇಕು? ಇದಕ್ಕಿಂತ ಹಳೆಯ, ಇದಕ್ಕಿಂತ ಗಟ್ಟಿಯಾದ ಒಂದು ಉದಾಹರಣೆ ಜರ್ಮನಿಯಲ್ಲಿದೆ. ಅಲ್ಲಿನ ದೂರದರ್ಶನದಲ್ಲಿ 1981ರಲ್ಲಿ ಒಬ್ಬ ವಿದ್ಯಾರ್ಥಿಯ ಸಾವಿನ ಬಗ್ಗೆ ಆರು ಕಂತುಗಳ ಧಾರಾವಾಹಿ ಬಂತು. 1982ರಲ್ಲಿ ಅದನ್ನು ಮರುಪ್ರಸಾರ ಮಾಡಿದರು. ಎಂದರೆ, ಒಂದೇ ಪ್ರಯೋಗವನ್ನು ಎರಡು ಸಲ ಮಾಡಿದಂತಾಯಿತು. ಸಂಶೋಧಕರು ಎರಡೂ ಅವಧಿಗಳ ದಾಖಲೆಗಳನ್ನು ತೆಗೆದು ನೋಡಿದಾಗ, ಮೊದಲ ಪ್ರಸಾರದ ವೇಳೆ ಮತ್ತು ಅದರ ನಂತರದ ವಾರಗಳಲ್ಲಿ 15ರಿಂದ 19 ವರ್ಷದ ಹುಡುಗರು ಅದೇ ವಿಧಾನದಿಂದ ಸತ್ತದ್ದು ಶೇ. 175ರಷ್ಟು ಹೆಚ್ಚಿತ್ತು. ಮರುಪ್ರಸಾರವನ್ನು ನೋಡಿದವರು ಕಡಿಮೆ, ಏರಿಕೆಯೂ ಕಡಿಮೆ. ನಾಯಕನ ವಯಸ್ಸಿಗೆ ಹತ್ತಿರದವರಲ್ಲಿ ಪರಿಣಾಮ ಹೆಚ್ಚು, ವಯಸ್ಸಾದವರಲ್ಲಿ ಇಲ್ಲವೇ ಇಲ್ಲ. ಇದನ್ನು ಕಾಕತಾಳೀಯ ಎಂದು ತಳ್ಳಿಹಾಕುವುದು ಕಷ್ಟ.

ಪೆನ್ಸಿಲಿನ್ ಚುಚ್ಚುಮದ್ದು ಕೊಡುವ ಮೊದಲು ವೈದ್ಯರು ಟೆಸ್ಟ್ ಡೋಸ್ ಕೊಟ್ಟು ನೋಡುತ್ತಾರಲ್ಲವೇ? ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಎಲ್ಲೋ ಒಬ್ಬರಿಗೆ ಜೀವಕ್ಕೆ ಬರುತ್ತದೆ. ಆ ಒಬ್ಬರು ಯಾರೆಂದು ಮುಖ ನೋಡಿ ಹೇಳಲಾಗದು. ಇಂಥ ಧಾರಾವಾಹಿಗಳ ಬಗ್ಗೆ ನನ್ನ ಅಭಿಪ್ರಾಯವೂ ಅದೇ. ನಿಮ್ಮ ಮಗ ನೋಡಿದ ಮಾತ್ರಕ್ಕೆ ಏನೋ ಆಗಿಬಿಡುತ್ತದೆ ಎಂದು ಗಾಬರಿಯಾಗಬೇಡಿ. ಆದರೆ ಈಗಾಗಲೇ ಮನಸ್ಸು ಮುರಿದಿರುವ ಮಗು ಒಂಟಿಯಾಗಿ, ರಾತ್ರಿ, ಸಾಲಾಗಿ ಹದಿಮೂರು ಕಂತು ನೋಡುವುದು ಬೇರೆ ಮಾತು.

‘ನಾವು ನಾಗರಹಾವು ನೋಡಲಿಲ್ಲವೇ?’

ಹಿರಿಯರು ಹೀಗೆ ಕೇಳುವುದುಂಟು. ನ್ಯಾಯವಾದ ಪ್ರಶ್ನೆ. 1972ರ ‘ನಾಗರಹಾವು’ ಚಿತ್ರದ ಕೊನೆಯಲ್ಲಿ ನಾಯಕ, ನಾಯಕಿ ಇಬ್ಬರೂ ಸಾಯುತ್ತಾರೆ. ಇಡೀ ಕರ್ನಾಟಕ ಆ ಚಿತ್ರವನ್ನು ನೋಡಿತು. 1981ರಲ್ಲಿ ಬಂದ ಹಿಂದಿಯ ‘ಏಕ್ ದೂಜೆ ಕೇ ಲಿಯೆ’ ಚಿತ್ರದ ಅಂತ್ಯವೂ ಹಾಗೆಯೇ; ಪ್ರೇಮಿಗಳು ಅದನ್ನು ಅನುಕರಿಸುತ್ತಿದ್ದಾರೆ ಎಂಬ ಆತಂಕ ಆ ಕಾಲದಲ್ಲೇ ವ್ಯಕ್ತವಾಗಿತ್ತು. ಇನ್ನೂ ಹಿಂದಕ್ಕೆ ಹೋದರೆ 1774ರಲ್ಲಿ ಜರ್ಮನಿಯ ಗಯಟೆ ಬರೆದ ವೆರ್ಟರ್‌ನ ಕಾದಂಬರಿಯ ಮೇಲೂ ಇದೇ ಆರೋಪ ಬಂದು ಕೆಲವೆಡೆ ಅದನ್ನು ನಿಷೇಧಿಸಿದ್ದರು. ಅನುಕರಣೆಯ ಆತ್ಮಹತ್ಯೆಗೆ ಸಂಶೋಧಕರು ‘ವೆರ್ಟರ್ ಪರಿಣಾಮ’ ಎಂದು ಹೆಸರಿಟ್ಟದ್ದು 1974ರಲ್ಲಿ, ಸರಿಯಾಗಿ ಇನ್ನೂರು ವರ್ಷಗಳ ನಂತರ.

ಆದರೆ ಒಂದು ವ್ಯತ್ಯಾಸ ನೋಡಿ. ಆಗ ಸಿನಿಮಾ ನೋಡಲು ಟಾಕೀಸಿಗೆ ಹೋಗಬೇಕಿತ್ತು. ಅಕ್ಕಪಕ್ಕ ನೂರಾರು ಜನ. ಮುಗಿದ ಮೇಲೆ ಟೆಂಪೊದಲ್ಲೋ ಎತ್ತಿನ ಗಾಡಿಯಲ್ಲೋ ಊರಿಗೆ ಬರುವಾಗ ದಾರಿಯುದ್ದಕ್ಕೂ ಅದರದೇ ಮಾತು. ‘ಹಂಗ್ಯಾಕ ಸಾಯಬೇಕಿತ್ತೋ ಮಾರಾಯ’ ಎಂದು ಯಾರಾದರೂ ಅಂದೇ ಅನ್ನುತ್ತಿದ್ದರು. ಆ ಒಂದು ಮಾತು ಮದ್ದಿನ ಕೆಲಸ ಮಾಡುತ್ತಿತ್ತು. ಕೌದಿಯೊಳಗೆ ಮೊಬೈಲ್ ಹಿಡಿದ ಮಗುವಿಗೆ ಅದನ್ನು ಹೇಳುವವರು ಯಾರೂ ಇಲ್ಲ.

ನಮ್ಮ ರಾಜ್ಯದ ಒಂದು ನೋವಿನ ಘಟನೆಯನ್ನೂ ಇಲ್ಲಿ ನೆನೆಯಬೇಕು. 2017ರ ನವೆಂಬರಿನಲ್ಲಿ ಹರಿಹರದಲ್ಲಿ ಏಳು ವರ್ಷದ ಬಾಲಕಿಯೊಬ್ಬಳು ಸುಟ್ಟಗಾಯಗಳಿಂದ ತೀರಿಕೊಂಡಳು. ಕಿರುತೆರೆಯ ಧಾರಾವಾಹಿಯ ದೃಶ್ಯವನ್ನು ಅನುಕರಿಸಲು ಹೋಗಿ ಹೀಗಾಯಿತು ಎಂದು ಹೆತ್ತವರು ಹೇಳಿದರು. ಅದು ಆತ್ಮಹತ್ಯೆಯಲ್ಲ, ಆಟದಲ್ಲಿ ಆದ ಅವಘಡ. ಸಣ್ಣ ಮಕ್ಕಳು ಕಂಡ ಕ್ರಿಯೆಯನ್ನು ಅನುಕರಿಸುತ್ತಾರೆ. ಹದಿಹರೆಯದವರು ಹಾಗೆ ಮಾಡುವುದಿಲ್ಲ. ಅವರು ಅನುಕರಿಸುವುದು ಪರಿಹಾರವನ್ನು. ‘ನನ್ನಂಥ ಕಷ್ಟದಲ್ಲಿದ್ದವಳು ಹೀಗೆ ಮಾಡಿದಳು’ ಎಂದು ಅವರ ಮನಸ್ಸು ಲೆಕ್ಕ ಹಾಕುತ್ತದೆ. ಆದ್ದರಿಂದ ಏಳು ವರ್ಷದ ಮಗುವಿಗೆ ‘ಅದು ಸುಳ್ಳು, ಬರೀ ನಾಟಕ’ ಎಂದರೆ ಸಾಕು. ಹದಿನೇಳರ ಮಗುವಿಗೆ ಅಷ್ಟು ಸಾಲುವುದಿಲ್ಲ.

ಒಳ್ಳೆಯದೂ ಅಂಟುತ್ತದೆ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹಠಾತ್ತನೆ ತೀರಿಕೊಂಡದ್ದು ನಿಮಗೆಲ್ಲ ನೆನಪಿದೆ. ಮುಂದಿನ ದಿನಗಳಲ್ಲಿ ಕೆಲವು ಅಭಿಮಾನಿಗಳು ದುಃಖ ತಾಳಲಾರದೆ ಪ್ರಾಣ ಕಳೆದುಕೊಂಡ ಸುದ್ದಿಗಳು ಬಂದವು. ಯಾರೂ ಹಾಗೆ ಮಾಡಬೇಡಿ ಎಂದು ಕುಟುಂಬದವರೇ ಕೈಮುಗಿದು ಕೇಳಿಕೊಂಡರು. ಅದೇ ದಿನಗಳಲ್ಲಿ ಇನ್ನೊಂದು ಅಲೆಯೂ ಎದ್ದಿತು. ಪುನೀತ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತೆಂದು ಬೆಂಗಳೂರಿನ ನಾರಾಯಣ ನೇತ್ರಾಲಯದವರು ತಿಳಿಸಿದ ಮೇಲೆ, ರಾಜ್ಯದ ಮೂಲೆಮೂಲೆಗಳಲ್ಲಿ ಜನ ನೇತ್ರದಾನಕ್ಕೆ ಹೆಸರು ಬರೆಸಲು ಮುಂದೆ ಬಂದರು. ಅದೇ ದುಃಖ, ಅದೇ ಅಭಿಮಾನ. ಯಾವ ದಾರಿ ಕಣ್ಣಿಗೆ ಬಿತ್ತೋ ಆ ದಾರಿಯಲ್ಲಿ ಜನ ನಡೆದರು.

ವಿಜ್ಞಾನಿಗಳು ಇದನ್ನೂ ಅಳೆದಿದ್ದಾರೆ. ಅಮೆರಿಕದ ಲಾಜಿಕ್ ಎಂಬ ಗಾಯಕ 2017ರಲ್ಲಿ ಆತ್ಮಹತ್ಯೆ ತಡೆ ಸಹಾಯವಾಣಿಯ ದೂರವಾಣಿ ಸಂಖ್ಯೆಯನ್ನೇ ಹಾಡಿನ ಹೆಸರಾಗಿಟ್ಟು ಒಂದು ಹಾಡು ಹಾಡಿದ. ಸಾಯಬೇಕೆಂದಿದ್ದವನು ಸಹಾಯವಾಣಿಗೆ ಕರೆ ಮಾಡಿ ಬದುಕಲು ಮನಸ್ಸು ಮಾಡುವ ಕಥೆ ಅದರಲ್ಲಿದೆ. ಆ ಹಾಡಿಗೆ ಹೆಚ್ಚು ಪ್ರಚಾರ ಸಿಕ್ಕ ದಿನಗಳಲ್ಲಿ ಸಹಾಯವಾಣಿಗೆ ಬಂದ ಕರೆಗಳು ಶೇ. 6.9ರಷ್ಟು ಹೆಚ್ಚಿದವು, ಆತ್ಮಹತ್ಯೆಗಳು ಶೇ. 5.5ರಷ್ಟು ಕಡಿಮೆಯಾದವು ಎಂದು 2021ರ ಅಧ್ಯಯನ ಹೇಳುತ್ತದೆ. ಸಾವಿನ ಅಂಚಿಗೆ ಹೋಗಿ ಹಿಂದಿರುಗಿದವರ ಕಥೆ ಹೇಳಿದರೆ ಜೀವ ಉಳಿಯುತ್ತದೆ ಎಂಬುದು ಇದರ ತಾತ್ಪರ್ಯ.

ನಾವು ಪತ್ರಿಕೆಯವರೂ ಈ ಮಾತಿಗೆ ಹೊರತಲ್ಲ. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಒಂದು ಬಗೆಯ ಆತ್ಮಹತ್ಯೆಗಳು ಹೆಚ್ಚಾಗಿ, ಪತ್ರಿಕೆಗಳು ಅವನ್ನು ಬಣ್ಣ ಹಚ್ಚಿ ಬರೆಯುತ್ತಿದ್ದವು. 1987ರಲ್ಲಿ ವರದಿಗಾರಿಕೆಗೆ ನಿಯಮ ಮಾಡಿಕೊಂಡ ಮೇಲೆ ಅರ್ಧ ವರ್ಷದಲ್ಲಿ ಅಂಥ ಪ್ರಕರಣಗಳು ಶೇ. 80ಕ್ಕೂ ಹೆಚ್ಚು ಇಳಿದವು. ಭಾರತದ ಪತ್ರಿಕಾ ಮಂಡಳಿಯೂ 2019ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಹೀಗಿದ್ದೂ ‘ಫೇಲಾದ ವಿದ್ಯಾರ್ಥಿ ಆತ್ಮಹತ್ಯೆ’ ಎಂದು ವಿಧಾನ, ಜಾಗ, ಪತ್ರದ ಸಾಲುಗಳ ಸಮೇತ ಅಚ್ಚಾಗುವುದು ನಿಂತಿಲ್ಲ. ಫೇಲಾದದ್ದೇ ಕಾರಣ ಎಂದು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟರೆ, ಅಂದು ಫೇಲಾದ ಉಳಿದ ಸಾವಿರಾರು ಮಕ್ಕಳು ಏನೆಂದುಕೊಳ್ಳಬೇಕು?

ನಿಮ್ಮ ಮನೆಯ ಮಾತು

ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಕಲಬುರಗಿ ಜಿಲ್ಲೆ ಕೆಳಗಿನ ಸಾಲಿನಲ್ಲಿರುವುದು ಹೊಸ ಸುದ್ದಿಯಲ್ಲ. ಅಂದರೆ ನಮ್ಮ ಭಾಗದಲ್ಲಿ ಪ್ರತಿವರ್ಷ ಬಹಳಷ್ಟು ಮನೆಗಳಲ್ಲಿ ಫೇಲಾದ ಒಂದು ಮಗು ಇರುತ್ತದೆ. ದೇಶದಲ್ಲಿ 2022ರ ಒಂದೇ ವರ್ಷ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದ ವರದಿ ಹೇಳುತ್ತದೆ. ಪರೀಕ್ಷೆಯೊಂದೇ ಇದಕ್ಕೆ ಕಾರಣವಲ್ಲ. ಪ್ರೀತಿ, ಅವಮಾನ, ಮನೆಯ ಸಾಲ, ಕುಡಿತ, ಬಾಲ್ಯವಿವಾಹದ ಒತ್ತಾಯ, ಗುರುತಿಸದೆ ಉಳಿದ ಖಿನ್ನತೆ ಎಲ್ಲವೂ ಸೇರಿಕೊಂಡಿರುತ್ತವೆ. ಫೇಲಾದವರಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ರಾಜ್ಯದಲ್ಲಿದೆ. ಈ ಮಾತನ್ನು ಫಲಿತಾಂಶದ ದಿನ ಹೇಳುವುದಲ್ಲ, ಹಿಂದಿನ ದಿನವೇ ಹೇಳಿಡಬೇಕು.

ಮಗು ಇಂಥ ಧಾರಾವಾಹಿ ನೋಡುತ್ತಿದೆ ಎಂದು ಗೊತ್ತಾದರೆ ಮೊಬೈಲ್ ಕಸಿದು ಗೋಡೆಗೆ ಎಸೆಯಬೇಡಿ. ಕಸಿದರೆ ಗೆಳೆಯನ ಮೊಬೈಲಿನಲ್ಲಿ ನೋಡುತ್ತಾರೆ, ನಿಮಗೆ ಹೇಳುವುದೂ ನಿಲ್ಲುತ್ತದೆ. ಪಕ್ಕದಲ್ಲಿ ಕೂತು ಒಂದು ಕಂತು ನೀವೂ ನೋಡಿ. ಇಂಗ್ಲಿಷ್ ತಿಳಿಯದಿದ್ದರೆ ಇನ್ನೂ ಒಳ್ಳೆಯದು, ‘ಏನಂದಳು ಆಕಿ?’ ಎಂದು ಕೇಳಿ. ಮಗು ಕಥೆ ಹೇಳಲಿ. ಆಮೇಲೆ, ‘ಆಕಿ ಯಾರಿಗೆ ಹೇಳಬೇಕಿತ್ತು? ನೀ ಆಗಿದ್ದರ ಯಾರಿಗೆ ಹೇಳತಿದ್ದಿ?’ ಎಂದು ಕೇಳಿ. ಉತ್ತರ ಬರದಿದ್ದರೆ ಅದೇ ನಿಮಗೆ ಸಿಕ್ಕ ಉತ್ತರ.

ಊಟ ನಿದ್ದೆ ಕೆಟ್ಟಿದೆಯೇ, ಗೆಳೆಯರಿಂದ ದೂರವಾಗಿದ್ದಾನೆಯೇ, ಇಷ್ಟದ ವಸ್ತುಗಳನ್ನು ಇದ್ದಕ್ಕಿದ್ದಂತೆ ಹಂಚುತ್ತಿದ್ದಾಳೆಯೇ, ‘ನಾನಿಲ್ಲದಿದ್ದರೆ ನಿಮಗೆ ಹಗುರ’ ಎಂಬಂಥ ಮಾತು ಬಾಯಲ್ಲಿ ಬರುತ್ತಿದೆಯೇ ಗಮನಿಸಿ. ಇವು ಎರಡು ವಾರ ಮುಂದುವರಿದರೆ ವೈದ್ಯರನ್ನು ಕಾಣಬೇಕು. ಸಾವಿನ ಮಾತು ಬಂದರೆ ಎರಡು ವಾರವಲ್ಲ, ಅದೇ ದಿನ.

ನೇರವಾಗಿ ಕೇಳಲು ಬಹಳ ತಂದೆತಾಯಿಗಳು ಹೆದರುತ್ತಾರೆ. ಕೇಳಿದರೆ ಇಲ್ಲದ ವಿಚಾರ ತಲೆಗೆ ತುಂಬಿದಂತಾಗುತ್ತದೆ ಎಂಬುದು ಅವರ ಭಯ. ಇದು ತಪ್ಪು ಎಂದು ಅಧ್ಯಯನಗಳು ತೋರಿಸಿವೆ. ಕೇಳಿದರೆ ಮಗುವಿನ ಎದೆಯ ಭಾರ ಇಳಿಯುತ್ತದೆ. ನಮ್ಮ ಮಾತಿನಲ್ಲೇ ಕೇಳಬಹುದು: ‘ಯಾಕ ತಮ್ಮಾ, ಜೀವ ಬ್ಯಾಸರಾಗ್ಯಾದೇನು? ಸಾಯಬೇಕಂತ ಅನಸ್ತದೇನು?’ ಹೌದು ಎಂದರೆ ಬುದ್ಧಿವಾದ ಹೇಳಬೇಡಿ, ದೇವರ ಆಣೆ ಹಾಕಿಸಬೇಡಿ, ‘ನಿನಗೇನು ಕಡಿಮೆ ಮಾಡೀವಿ’ ಎನ್ನಬೇಡಿ. ಕೇಳಿಸಿಕೊಳ್ಳಿ. ಆ ರಾತ್ರಿ ಒಬ್ಬರು ಜೊತೆಗೆ ಮಲಗಿ.

ಇನ್ನೊಂದು ಮಾತು ತೊಗರಿ, ಹತ್ತಿ ಬೆಳೆಯುವ ಮನೆಗಳಿಗೆ. ಸಿಂಪಡಿಸಿ ಉಳಿದ ಎಣ್ಣೆಯ ಬಾಟಲಿ ಎಲ್ಲಿದೆ? ಅಟ್ಟದ ಮೇಲೋ, ದೇವರ ಗೂಡಿನ ಪಕ್ಕದಲ್ಲೋ? ಹದಿಹರೆಯದ ದುಡುಕು ಹಲವು ಸಲ ಕೆಲವೇ ನಿಮಿಷಗಳದ್ದು. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಗಳಿಗೆ ದಾಟಿಹೋಗುತ್ತದೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಿಂದ ಮುಂದಿನ ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು. ಅಲ್ಲಿನ ಜನರ ಕಷ್ಟಗಳೇನೂ ಶೇ. 70ರಷ್ಟು ಇಳಿದಿರಲಿಲ್ಲ. ಬೇಕಾದಷ್ಟೇ ಕೊಳ್ಳಿ. ಉಳಿದದ್ದನ್ನು ಮನೆಯೊಳಗೆ ತರಬೇಡಿ; ಬೀಗ ಹಾಕಿ ದೂರವಿಡಿ.

ಆತ್ಮಹತ್ಯೆಗೆ ಯತ್ನಿಸಿದ ಮಗುವನ್ನು ಆಸ್ಪತ್ರೆಗೆ ಒಯ್ದರೆ ಕೇಸಾಗುತ್ತದೆ ಎಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಇದರಿಂದಾಗಿ ತಡವಾಗಿ ಜೀವ ಹೋದದ್ದುಂಟು. 2018ರ ಮೇ 29ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮು ಇಲ್ಲ. ಅಂಜದೆ ಹೋಗಿ, ಬೇಗ ಹೋಗಿ.

ಮನೋವೈದ್ಯರು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಯಾವ ವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಿಳಿಯುತ್ತದೆ. ಅದಕ್ಕೂ ಮೊದಲು ಮಾತಾಡಬೇಕೆನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸ್ಥಾನ. ಸಂಖ್ಯೆ 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ತೊಂದರೆಯಲ್ಲಿರುವ ಮಕ್ಕಳಿಗಾಗಿ 1098 ಕೂಡ ಇದೆ. ಮಗುವಿನ ಮೊಬೈಲಿನಲ್ಲಿ ಈ ಎರಡು ಸಂಖ್ಯೆಗಳನ್ನು ಬರೆದಿಡಿ, ನಿಮ್ಮದರಲ್ಲೂ ಬರೆದಿಟ್ಟುಕೊಳ್ಳಿ. ಮಗ ಮಾತನಾಡಲು ಒಪ್ಪದಿದ್ದರೆ, ಅವನ ಬಗ್ಗೆ ಏನು ಮಾಡಬೇಕೆಂದು ಕೇಳಲು ತಂದೆತಾಯಿಯೂ 14416ಕ್ಕೆ ಕರೆ ಮಾಡಬಹುದು.